ಕೆಟ್ಟೋರೇ ತುಂಬಿರೋ ಫ್ಯಾಂಟಸಿ ಯಾಕೆ ಇಷ್ಟು ಹಿಡಿಸುತ್ತೆ?

ಇರುಳೋದುಗ: ಎಲ್ರಿಗೂ ನಮಸ್ಕಾರ. ಜಾರ್ಜ್ ಮಾರ್ಟಿನ್ ಅವರ ಐಸ್ ಅಂಡ್ ಫೈರ್ ಸರಣಿಯ ಮೂರನೇ ಪುಸ್ತಕ ಈಗಷ್ಟೇ ಮುಗೀತು, ತಲೇಲಿ ಅದೇ ಓಡ್ತಿದೆ. ಜೇಮಿ ಅನ್ನೋ ಯೋಧ ಮೊದಲನೇ ಪುಸ್ತಕದಲ್ಲಿ ಏಳು ವರ್ಷದ ಹುಡುಗನ್ನ ಗೋಪುರದ ಕಿಟಕಿಯಿಂದ ತಳ್ಳಿದಾಗ ಇವನಿಗೆ ಯಾವಾಗ ಶಾಸ್ತಿ ಆಗುತ್ತೋ ಅಂತ ಕಾಯ್ತಿದ್ದೆ, ಈಗ ನೋಡಿದ್ರೆ ಅವನ ಕೈ ಕಡಿದಾಗ ನನಗೇ ಹೊಟ್ಟೆಯೆಲ್ಲ ಕಿವುಚಿದಂಗಾಯ್ತು. ಒಳ್ಳೇವ್ರು ಸಾಯ್ತಾರೆ, ಮೋಸ ಮಾಡಿದೋರು ಗೆಲ್ತಾರೆ, ಆದ್ರೂ ಪುಸ್ತಕ ಕೆಳಗಿಡೋಕಾಗಲ್ಲ. ಇದ್ರಲ್ಲಿ ಅಂಥದ್ದೇನಿದೆ? ಇದೇ ಥರದ್ದು ಇನ್ನೇನು ಓದ್ಬೋದು?

ತುಂಗಾತೀರ: ರಕ್ತಪಾತ ಅಲ್ಲ ಸರ್, ಕಥೆ ಯಾರ ತಲೆಯೊಳಗಿಂದ ನಡೀತಿದೆ ಅನ್ನೋದೇ ಎಲ್ಲ. ಮೊದಲೆರಡು ಪುಸ್ತಕದಲ್ಲಿ ಜೇಮಿ ಹೆಸರಿನ ಅಧ್ಯಾಯ ಒಂದೂ ಇಲ್ಲ, ಬೇರೆಯವರ ಕಣ್ಣಲ್ಲೇ ಅವನನ್ನ ನೋಡಿ ತನ್ನ ರಾಜನನ್ನೇ ಕೊಂದ ದ್ರೋಹಿ ಅಂತ ತೀರ್ಮಾನ ಮಾಡ್ಬಿಟ್ಟಿರ್ತೀವಿ. ಮೂರನೇದ್ರಲ್ಲಿ ಅವನ ಪಕ್ಕ ಕೂರಿಸ್ತಾರೆ. ಹ್ಯಾರನ್‌ಹಾಲ್ ಕೋಟೆಯ ಸ್ನಾನದ ಮನೇಲಿ, ಜ್ವರದಲ್ಲಿ ಬೇಯ್ತಾ ಬ್ರಿಯೆನ್ ಅನ್ನೋ ಯೋಧೆ ಹತ್ರ ಬಾಯ್ಬಿಡ್ತಾನಲ್ಲ, ರಾಜ ಇಡೀ ಊರನ್ನೇ ಸುಡೋಕೆ ಹೊರಟಿದ್ದ ಅದಕ್ಕೇ ಕೊಂದೆ ಅಂತ, ಅಲ್ಲಿವರೆಗೂ ಅದನ್ನ ಯಾರಿಗೂ ಹೇಳಿರ್ಲಿಲ್ಲ. ಹಾಗಂತ ಆ ಹುಡುಗನ ಕಾಲು ವಾಪಸ್ ಬರಲ್ಲ. ಎರಡನ್ನೂ ಒಟ್ಟಿಗೆ ಹೊತ್ಕೊಂಡು ಮುಂದಕ್ಕೆ ಓದ್ಬೇಕು.

ಕಾಗದದ_ಕತ್ತಿ: ಜೋ ಅಬರ್‌ಕ್ರಾಂಬಿಯ ಫಸ್ಟ್ ಲಾ ಓದಿ, 2006ರಲ್ಲಿ ಶುರುವಾದ ಸರಣಿ. ಗ್ಲೋಕ್ಟಾ ಅಂತ ಒಬ್ಬ ಇದಾನೆ, ಒಂದು ಕಾಲದ ಕತ್ತಿವರಸೆ ಚಾಂಪಿಯನ್, ಶತ್ರುಗಳ ಕೈಗೆ ಸಿಕ್ಕಿ ಚಿತ್ರಹಿಂಸೆ ಅನುಭವಿಸಿ ಹಲ್ಲು, ಕಾಲು ಎಲ್ಲ ಹಾಳಾಗಿ ಬಂದೋನು, ಈಗ ಅವನೇ ಬೇರೆಯವರಿಗೆ ಚಿತ್ರಹಿಂಸೆ ಕೊಡೋ ಅಧಿಕಾರಿ. ಮೆಟ್ಟಿಲು ಕಂಡ್ರೆ ಸಾಕು ಅವನಿಗೆ ಜೀವ ಹೋಗುತ್ತೆ. ಒಂದೊಂದು ಮೆಟ್ಟಿಲು ಹತ್ತೋವಾಗ್ಲೂ ನೋವು ನಮಗೇ ಆಗುತ್ತೆ, ಆಮೇಲೆ ಅದೇ ಮನುಷ್ಯ ಹೋಗಿ ಒಬ್ಬನ ಬೆರಳು ಕತ್ತರಿಸ್ತಾನೆ.

ಹಾಳೆಗಳು: ನನ್ನದೊಂದು ತಕರಾರು. ಇದನ್ನ ನೋಡಿ ಬರೆಯೋ ಎಷ್ಟೋ ಜನ ಬರೀ ಕೊಲೆ ಅತ್ಯಾಚಾರ ತುಂಬಿಸ್ತಾರೆ, ಎರಡು ಅಧ್ಯಾಯ ಆದ್ಮೇಲೆ ಆ ಹೆಣ್ಣುಮಗಳ ಹೆಸರೂ ಯಾರಿಗೂ ನೆನಪಿರಲ್ಲ. ಮಾಡಿದ್ದರ ಫಲ ಪುಸ್ತಕದುದ್ದಕ್ಕೂ ಬೆನ್ನು ಹತ್ತಿದ್ರೆ ಮಾತ್ರ ನಾನು ಓದ್ತೀನಿ. ಮಾರ್ಟಿನ್ ಸರಣಿಯ ಮೊದಲನೇ ಪುಸ್ತಕದಲ್ಲಿ ನೆಡ್ ಸ್ಟಾರ್ಕ್ ಅನ್ನೋ ಒಳ್ಳೇ ಮನುಷ್ಯನ ತಲೆ ಹೋಗಿದ್ದಕ್ಕೆ ಐದನೇ ಪುಸ್ತಕದಲ್ಲೂ ಜನ ಬೆಲೆ ಕಟ್ತಿದಾರೆ.

ತುಂಗಾತೀರ: ಹೌದು, ನೂರಕ್ಕೆ ನೂರು. ಇನ್ನೊಂದು, ಕನ್ನಡದೋರಿಗೆ ಈ ರುಚಿ ಹೊಸದೇನಲ್ಲ, ಹತ್ತನೇ ಶತಮಾನದಲ್ಲೇ ರನ್ನ ಗದಾಯುದ್ಧದಲ್ಲಿ ಇದನ್ನ ಮಾಡಿದಾನೆ. ನಾಯಕ ಭೀಮ, ಆದ್ರೆ ನಾವು ಹೆಣಗಳ ನಡುವೆ ನಡೆಯೋದು ದುರ್ಯೋಧನನ ಜೊತೆ. ಅಭಿಮನ್ಯು ಹೆಣದ ಮುಂದೆ ನಿಂತು, ನಿನ್ನ ಸಾಹಸದಲ್ಲಿ ಒಂದು ಪಾಲಾದ್ರೂ ಇರೋ ಸಾವು ನನಗೆ ಬರಲಿ ಅಂತ ಕೇಳ್ಕೋತಾನೆ. ಆ ಹುಡುಗನ್ನ ಸುತ್ತುವರಿದು ಕೊಂದಿದ್ದು ಅವನ ಕಡೆಯವ್ರೇ!

ಇರುಳೋದುಗ: ಥ್ಯಾಂಕ್ಸ್ ಎಲ್ರಿಗೂ. ಗ್ಲೋಕ್ಟಾ ಇವತ್ತೇ ಶುರು ಮಾಡ್ತೀನಿ. ಗದಾಯುದ್ಧ ಹೊಸಗನ್ನಡದ ಅರ್ಥ ಜೊತೆಗಿರೋದು ಯಾವ್ದು ಚೆನ್ನಾಗಿದೆ, ಯಾರಾದ್ರೂ ಹೇಳ್ತೀರಾ?