ನೊರೆಥಿಸ್ಟೆರಾನ್ ಕೋರ್ಸ್ ಮುಗಿದ ಮೇಲೆ ಮತ್ತೆ ಬ್ಲೀಡಿಂಗ್, ಇನ್ನೊಂದು ಸ್ಟ್ರಿಪ್ ತಗೊಳ್ಳಲಾ?

ಸುಮಾ, ಬನಶಂಕರಿ:
ನನಗೆ 41. ಈ ಸಲ ಮುಟ್ಟು ನಿಲ್ಲುವ ಲಕ್ಷಣವೇ ಇರಲಿಲ್ಲ. ಮೆಜೆಸ್ಟಿಕ್‌ನಿಂದ ಬಸ್ಸಲ್ಲಿ ಮನೆಗೆ ಬರುವಷ್ಟರಲ್ಲಿ ಪ್ಯಾಡ್ ಪೂರ್ತಿ ನೆನೆದು, ಸೀಟಿಂದ ಏಳೋಕೇ ಭಯ. ಡಾಕ್ಟರ್ ಸ್ಕ್ಯಾನ್, ಹಿಮೋಗ್ಲೋಬಿನ್, ಥೈರಾಯ್ಡ್ ಎಲ್ಲ ನೋಡಿ, ನೊರೆಥಿಸ್ಟೆರಾನ್ 5 ಮಿಲಿಗ್ರಾಂ ದಿನಕ್ಕೆ ಮೂರು ಸಲ, 10 ದಿನಕ್ಕೆ ಬರೆದುಕೊಟ್ಟರು. ರಕ್ತ ನಿಂತಿತು. ಕೋರ್ಸ್ ಮುಗಿಸಿ ಮೂರು ದಿನಕ್ಕೆ ಮತ್ತೆ ಶುರು! ವರಮಹಾಲಕ್ಷ್ಮಿ ಹಬ್ಬ ಹತ್ತಿರ ಇದೆ, ಇನ್ನೊಂದು ಸ್ಟ್ರಿಪ್ ನುಂಗಿಬಿಡು ಅಂತಾರೆ ಅತ್ತಿಗೆ. ಮೆಡಿಕಲ್ ಶಾಪ್‌ನವರು ಚೀಟಿ ಕೂಡ ಕೇಳಲ್ಲ.

ಗೀತಾ, ಚಾಮರಾಜಪೇಟೆ:
ಗಾಬರಿ ಬೇಡ ಸುಮಾ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ, ಈ ಪ್ರಶ್ನೆ ದಿನಾ ಕೇಳುತ್ತೇನೆ. ಮಾತ್ರೆ ಕೈಕೊಟ್ಟಿಲ್ಲ. ಇದು ಪ್ರೊಜೆಸ್ಟೆರಾನ್ ಅನ್ನೋ ಹೆಣ್ಣು ಹಾರ್ಮೋನ್ ಜಾತಿಯದು. ತಗೊಳ್ಳುವಷ್ಟು ದಿನ ಗರ್ಭಕೋಶದ ಒಳಪದರ ಗಟ್ಟಿಯಾಗಿ ನಿಲ್ಲುತ್ತದೆ, ಬಿಟ್ಟ ಎರಡು-ಮೂರು ದಿನಕ್ಕೆ ಕಳಚಿ ಬರುತ್ತದೆ. ಸಾಮಾನ್ಯ ಮುಟ್ಟಿನ ಹಾಗೆ ಬಂದು ನಿಂತರೆ ಸರಿ. ಗಂಟೆಗೊಂದು ಪ್ಯಾಡ್ ಬದಲಿಸುವ ಹಾಗಾದರೆ, ತಲೆ ಸುತ್ತಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅಂಗಡಿಯಿಂದ ಸ್ಟ್ರಿಪ್ ಮಾತ್ರ ಖಂಡಿತ ಬೇಡ. ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇರುವವರು, ಸ್ತನ ಕ್ಯಾನ್ಸರ್ ಆದವರು ಇದನ್ನು ತಗೊಳ್ಳಬಾರದು. ಅಂಗಡಿಯವರು ಅದನ್ನೆಲ್ಲ ಕೇಳ್ತಾರಾ? ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಜೊತೆಗಿದ್ದರೆ ಇದರ ಬಲ ಕುಗ್ಗುತ್ತದೆ. ಹೀಗೆ ತಗೊಳ್ಳುವಾಗ ಗರ್ಭ ನಿಲ್ಲೋದಿಲ್ಲ ಅಂತ ನಂಬುವವರೂ ಇದ್ದಾರೆ, ಅದು ತಪ್ಪು. ಮಾತ್ರೆ ಶುರು ಮಾಡಿದ ಮೇಲೆ ಒಂದೇ ಕಾಲು ಊದಿ ನೋವು ಬಂದರೆ, ಎದೆ ನೋವು, ಉಸಿರಾಟದ ತೊಂದರೆ ಆದರೆ ನಿಲ್ಲಿಸಿ ತಕ್ಷಣ ತೋರಿಸಿ.

ರೇಖಾ, ಮಲ್ಲೇಶ್ವರ:
ನಮ್ಮಕ್ಕ ಗೃಹಪ್ರವೇಶ, ಮದುವೆ, ತಿರುಪತಿ ಅಂತ ಪ್ರತಿ ಸಲ ಮಾತ್ರೆ ತಗೊಂಡು ಮುಟ್ಟು ಮುಂದೂಡುತ್ತಿದ್ದಳು. ಜಾಸ್ತಿ ಹೋಗುತ್ತಿದ್ದುದನ್ನು ಮನೆಯಲ್ಲಿ ಯಾರೂ ಗಮನಿಸಲೇ ಇಲ್ಲ. ಕೊನೆಗೆ ನೋಡಿದರೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಹಿಮೋಗ್ಲೋಬಿನ್ ಬರೀ 7. ಮೆಟ್ಟಿಲು ಹತ್ತಿದರೆ ಏದುಸಿರು. ಸುಮಾ, ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಫಿಲ್ಟರ್ ಕಾಫಿ ಜೊತೆ ತಗೋಬೇಡಿ, ಮೈಗೆ ಹತ್ತಲ್ಲ. ನಿಂಬೆ ಪಾನಕ ಒಳ್ಳೆಯದು.

ಸುಮಾ:
ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿದೆ, ಅವರೂ ಇದನ್ನೇ ಹೇಳಿದರು. ಮುಂದೆಯೂ ಹೀಗೇ ಆದರೆ ಗರ್ಭಕೋಶದೊಳಗೆ ಹಾರ್ಮೋನ್ ಕಾಯಿಲ್ ಹಾಕೋಣ ಅಂದರು. ಅದು ಕಾಪರ್-ಟಿ ತರಹವಾ? ಅದರಿಂದ ಬ್ಲೀಡಿಂಗ್ ಹೆಚ್ಚಾಗುತ್ತೆ ಅಂತಾರಲ್ಲ.

ಗೀತಾ:
ಆಕಾರ ಒಂದೇ, ಕೆಲಸ ಬೇರೆ. ಕಾಪರ್-ಟಿಯಲ್ಲಿ ಕೆಲವರಿಗೆ ಜಾಸ್ತಿಯಾಗುತ್ತದೆ, ನಿಜ. ಹಾರ್ಮೋನ್ ಕಾಯಿಲ್‌ನಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ ಇರುತ್ತದೆ, ವರ್ಷಗಟ್ಟಲೆ ಅದನ್ನು ಗರ್ಭಕೋಶದೊಳಗೇ ಸ್ವಲ್ಪ ಸ್ವಲ್ಪ ಬಿಡುತ್ತದೆ, ಒಳಪದರ ತೆಳ್ಳಗಾಗಿ ರಕ್ತ ಕಮ್ಮಿಯಾಗುತ್ತದೆ. ಮೊದಲ ಕೆಲವು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಬಹುದು, ಅದಕ್ಕೆ ಬೇಸತ್ತು ಬೇಗ ತೆಗೆಸಬೇಡಿ. ಹಾಕುವ ಮುಂಚೆ ಒಳಪದರದ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಬೇಕಾ ಅಂತಲೂ ಕೇಳಿ.