ಪದಚರ್ಚೆ: ‘ಮೈಕ್ರೋಸರ್ಕ್ಯುಲೇಶನ್’ಗೆ ಕನ್ನಡ ಪದ ಬೇಕು (ತುರ್ತು)

ಗೆಳೆಯರೇ,

ಮೈಕ್ರೋಸರ್ಕ್ಯುಲೇಶನ್, ಅಂದರೆ ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯುವುದು, ಅದರ ಸಂಶೋಧನೆಯ ಇತಿಹಾಸದ ಬಗ್ಗೆ ಒಂದು ಗೋಡೆಫಲಕ ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ರಕ್ತ ಮೈಯೆಲ್ಲ ಸುತ್ತಿ ಬರುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಹಾರ್ವೆ 1628ರಲ್ಲೇ ತೋರಿಸಿದ. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಕಂಡ. ಇಲ್ಲಿವರೆಗೆ ‘ಲೋಮನಾಳ’ (ಕ್ಯಾಪಿಲರಿ, ಕೂದಲಿನಂಥ ಅತಿ ಸಣ್ಣ ರಕ್ತನಾಳ) ಸಾಕಾಯಿತು. ಮುಂದೆ ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ಮೈಕ್ರೋಸರ್ಕ್ಯುಲೇಟರಿ ಸೊಸೈಟಿ, ಆಮೇಲೆ 1963ರ ಬ್ರಿಟಿಷ್ ಮೈಕ್ರೋಸರ್ಕ್ಯುಲೇಶನ್ ಸೊಸೈಟಿ ಬರುತ್ತವೆ. ಹೆಸರಿನ ಕೆಳಗೆ ಕನ್ನಡದಲ್ಲಿ ಅರ್ಥ ಕೊಡಬೇಕು. ‘ಲೋಮನಾಳ ಸಂಘ’ ಅಂದರೆ ನಡೆಯುತ್ತಾ?

— — —

ನಡೆಯುವುದಿಲ್ಲ. ಲೋಮನಾಳ ಅಂದರೆ ಕ್ಯಾಪಿಲರಿ ಮಾತ್ರ. ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್‌ಗೆ 1920ರ ನೊಬೆಲ್ ಬಂದದ್ದು ಕ್ಯಾಪಿಲರಿಗಳ ಕೆಲಸಕ್ಕೆ, ಅಲ್ಲಿ ಆ ಪದ ಸರಿ. ಅಮೆರಿಕದ ಶರೀರವಿಜ್ಞಾನಿ ಯೂಜೀನ್ ಲ್ಯಾಂಡಿಸ್ ಗಾಜಿನ ಸೂಜಿಯನ್ನು ಕಪ್ಪೆಯ ಒಂದೇ ಒಂದು ಕ್ಯಾಪಿಲರಿಗೆ ಚುಚ್ಚಿ ಒತ್ತಡ ಅಳೆದದ್ದಕ್ಕೂ ಸರಿ. ಅಮೆರಿಕದ ಸಂಘದ ದೊಡ್ಡ ಪ್ರಶಸ್ತಿ ಅವರ ಹೆಸರಿನಲ್ಲೇ ಇದೆ. ಆದರೆ ಸಂಘದವರು ಕ್ಯಾಪಿಲರಿಗೆ ರಕ್ತ ತರುವ ಪುಟ್ಟ ಅಪಧಮನಿಗಳನ್ನೂ, ಅಲ್ಲಿಂದ ಒಯ್ಯುವ ಪುಟ್ಟ ಅಭಿಧಮನಿಗಳನ್ನೂ ಸೇರಿಸಿಯೇ ನೋಡುತ್ತಾರೆ. ಹೆಸರಿನಲ್ಲಿ ನಾಳ ಇಲ್ಲ, ಹರಿಯುವುದು ಇದೆ. ‘ಸೂಕ್ಷ್ಮ ರಕ್ತಪರಿಚಲನೆ’ ಎಂದು ಬರೆಯಿರಿ.

— — —

ಸೂಕ್ಷ್ಮ, ರಕ್ತ, ಪರಿಚಲನೆ. ಮೂರಕ್ಕೆ ಮೂರೂ ಎರವಲು! ಕ್ಯಾಪಿಲರಿಯ ಬೇರು ಲ್ಯಾಟಿನ್, ಕೂದಲು ಎಂದು ಅರ್ಥ. ನಮ್ಮಲ್ಲಿ ‘ನವಿರು’ ಇಲ್ವಾ? ಹಳಗನ್ನಡದಲ್ಲಿ ನವಿರ್ ಅಂದರೆ ಕೂದಲೇ. ‘ಮೈ ನವಿರೇಳಿತು’ ಅಂತ ಇವತ್ತಿಗೂ ಅನ್ನುತ್ತೇವೆ. ಕ್ಯಾಪಿಲರಿಗೆ ‘ನವಿರುಗೊಳವೆ’ ಬರಲಿ, ಹರಿವಿಗೆ ‘ಕಿರುನೆತ್ತರೋಟ’. ನೆತ್ತರು ಅಚ್ಚ ದ್ರಾವಿಡ, ತೆಲುಗಿನಲ್ಲಿ ನೆತ್ತುರು. ದಯವಿಟ್ಟು ‘ಕಿರುರಕ್ತನಾಳ’ ಮಾತ್ರ ಬೇಡ. ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಮಾಸ.

— — —

ಅರಿಸಮಾಸಕ್ಕೆ ಹೆದರಿ ಯಾರೂ ಓದಲಾಗದ ಪದ ಕಟ್ಟಬೇಕಾ? ಕಿರುನೆತ್ತರೋಟದಲ್ಲಿ ಕಿರಿದಾದದ್ದು ನೆತ್ತರೋ, ಓಟವೋ? ಹಳ್ಳಿಯವರೂ ‘ರಕ್ತ ಪರೀಕ್ಷೆ’ ಮಾಡಿಸುತ್ತಾರೆ, ‘ನೆತ್ತರು ಪರೀಕ್ಷೆ’ ಯಾರೂ ಮಾಡಿಸಲ್ಲ. ರಕ್ತ ನಮ್ಮ ಪದವೇ.

— — —

ಅದೇ ಪ್ರಶ್ನೆ ‘ಸೂಕ್ಷ್ಮ ರಕ್ತಪರಿಚಲನೆ’ಗೂ ಇದೆ, ಅದನ್ನು ಯಾಕೆ ಕೇಳಲಿಲ್ಲ? ಸಂಸ್ಕೃತದಲ್ಲಿ ಕಟ್ಟಿದರೆ ಸಡಿಲ ಕಾಣುವುದಿಲ್ಲ, ಕನ್ನಡದಲ್ಲಿ ಕಟ್ಟಿದರೆ ಮಾತ್ರ ಕಾಣುತ್ತದೆ. ಬಳಸದಿದ್ದರೆ ಪದ ಬಳಕೆಗೆ ಬರುವುದಾದರೂ ಹೇಗೆ? ಬಸ್ಸು, ರೈಲು ಬಂದಾಗ ಯಾರೂ ಮುಖ ಸಿಂಡರಿಸಲಿಲ್ಲ. ಕನ್ನಡದ್ದೇ ಬೇರಿನ ಪದ ಬಂದರೆ ಮಾತ್ರ ಪರೀಕ್ಷೆ.

— — —

ಮೇಷ್ಟ್ರೇ, ಇಬ್ಬರಿಗೂ ಥ್ಯಾಂಕ್ಸ್. ಒಂದೇ ಪದದಲ್ಲಿ ಹಿಡಿಸುವ ಆಸೆ ಬಿಟ್ಟೆ. ‘ಸಣ್ಣ ರಕ್ತನಾಳಗಳಲ್ಲಿ ರಕ್ತದ ಹರಿವನ್ನು ಅಧ್ಯಯನ ಮಾಡುವ ಸಂಘ’ ಎಂದು ಹಾಕುತ್ತೇನೆ, ಜಾಗ ಸಾಲುತ್ತದೆ. ಆದರೆ ಚಿತ್ರದಲ್ಲಿ ಆರ್ಟೀರಿಯೋಲ್ (ಪುಟ್ಟ ಅಪಧಮನಿ), ವೆನ್ಯೂಲ್ (ಪುಟ್ಟ ಅಭಿಧಮನಿ) ಎರಡಕ್ಕೂ ಬಾಣದ ಗುರುತಿನ ಪಕ್ಕ ಒಂದೊಂದೇ ಪದ ಹಿಡಿಸುವಷ್ಟು ಜಾಗ ಇದೆ. ಅದಕ್ಕೇನು ಬರೆಯಲಿ? ‘ಕಿರುಧಮನಿ’ ಅಂದರೆ ಮತ್ತೆ ಅರಿಸಮಾಸ ಅಲ್ವಾ?