ಹಳೇ ಫ್ರಂಟ್ ಲೋಡ್ ಮಷಿನ್, ಹಿಂಡುವಾಗ ವಿಪರೀತ ಸದ್ದು. ಬೇರಿಂಗ್ ಹಾಕಿಸಬಹುದಾ?

ಪ್ರಶ್ನೆ (ಮಲ್ಪೆ): ಇಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುವವರು ಇದ್ದರೆ ಹೇಳಿ. ನಮ್ಮದು ಹಳೇ ಫ್ರಂಟ್ ಲೋಡ್. ತೊಳೆಯುವಾಗ ಗುರುಗುರು, ಹಿಂಡಲು ಶುರುವಾದರೆ ಪಕ್ಕದ ಮನೆಗೂ ಕೇಳುತ್ತದೆ. ಅಡಿಯಲ್ಲಿ ಕಂದು ನೀರು ಬೇರೆ ತೊಟ್ಟಿಕ್ಕುತ್ತದೆ. ಬಂದು ನೋಡಿದವರು ಬೇರಿಂಗ್ ಹೋಗಿದೆ, ಹೊಸ ಮಷಿನೇ ತಗೊಳ್ಳಿ ಅಂದರು. ಮನೆಯವರು ಎಲ್ಲ ಉಪ್ಪು ಗಾಳಿಯಿಂದ ಅಂತಾರೆ. ಮಳೆಗಾಲದಲ್ಲಿ ಹಿಂಡದ ಬಟ್ಟೆ ಒಣಗುವುದೇ ಇಲ್ಲ. ಎಂತ ಮಾಡುವುದು?

ಉತ್ತರ (ರಿಪೇರಿಯವರು, ಮಂಗಳೂರು): ಅಕ್ಕ, ಮೊದಲು ಪ್ಲಗ್ ತೆಗೆಯಿರಿ. ಬಾಗಿಲು ತೆರೆದು ಡ್ರಮ್ಮಿನ ಮೇಲಿನ ಅಂಚು ಹಿಡಿದು ಎತ್ತಿ ನೋಡಿ. ಹೊರಗಿನ ಟಬ್ಬೂ ಒಟ್ಟಿಗೇ ಅಲ್ಲಾಡಿದರೆ ಅದು ಸ್ಪ್ರಿಂಗಿನ ಆಟ, ಹೆದರಬೇಡಿ. ಟಬ್ ಸುಮ್ನೆ ನಿಂತು ಒಳಗಿನ ಡ್ರಮ್ ಮಾತ್ರ ಕಟಕಟ ಅಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಡ್ರಮ್ಮಿನ ಹಿಂದೆ ಮೂರು ಕಾಲಿನ ಅಲ್ಯೂಮಿನಿಯಂ ಸ್ಪೈಡರ್ ಉಂಟಲ್ಲ, ಅದು ಬಿರುಕು ಬಿಟ್ಟಿದೆ.

ಉಪ್ಪು ಗಾಳಿ ತಿನ್ನುವುದು ಹೊರಗಿನ ತಗಡನ್ನು. ಬೇರಿಂಗನ್ನು ಹಾಳು ಮಾಡುವುದು ಹೆಚ್ಚಾಗಿ ಸವೆದ ಆಯಿಲ್ ಸೀಲ್, ಅಂದರೆ ಡ್ರಮ್ ತಿರುಗುವ ದಂಡ ಉಂಟಲ್ಲ, ಆ ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ. ಆ ರಬ್ಬರ್ ಸವೆದರೆ ಸೋಪಿನ ನೀರು ಒಳಗೆ ಹೋಗುತ್ತದೆ, ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ನಿಮ್ಮ ಕಂದು ನೀರು ಬಹುಶಃ ಅದೇ. ಹಿಂದಿನ ತಗಡು ಬಿಚ್ಚಿದರೆ ಶಾಫ್ಟಿನ ಕೆಳಗೆ ತುಕ್ಕಿನ ಗೆರೆ ಇಳಿದಿರುತ್ತದೆ. ಹಾಗಾಗಿ ಸೀಲ್ ಬದಲಿಸದೆ ಬೇರಿಂಗ್ ಮಾತ್ರ ಹಾಕುವವರ ಕೈಗೆ ಮಷಿನ್ ಕೊಡಬೇಡಿ, ಅದು ದುಡ್ಡು ದಂಡ.

ಹೊಸದು ತಗೊಳ್ಳಿ ಅಂದದ್ದಕ್ಕೂ ಕಾರಣ ಇರಬಹುದು. ಕೆಲವು ಮಾಡೆಲ್‌ಗಳಲ್ಲಿ ಟಬ್ಬಿನ ಎರಡು ಅರ್ಧವನ್ನು ಕಾರ್ಖಾನೆಯಲ್ಲೇ ಕರಗಿಸಿ ಅಂಟಿಸಿರುತ್ತಾರೆ. ಅದನ್ನು ಗರಗಸದಲ್ಲಿ ಕೊಯ್ದು ಮತ್ತೆ ಸ್ಕ್ರೂ, ಸೀಲಂಟ್ ಹಾಕಿ ಜೋಡಿಸುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ. ಸುತ್ತ ಸ್ಕ್ರೂ ಇದ್ದರೆ ಧೈರ್ಯವಾಗಿ ಬಿಚ್ಚಬಹುದು.

ಪ್ರಶ್ನೆ (ಮಣಿಪಾಲ): ಅಣ್ಣ, ನಾನೇ ಬಿಚ್ಚುವ ಅಂತ ಇದ್ದೇನೆ. ಬೇರಿಂಗ್ ನಂಬರ್ ಹೇಗೆ ಗೊತ್ತಾಗುತ್ತದೆ?

ಉತ್ತರ: ಹಳೇದರ ಮೇಲೆಯೇ ಕೊರೆದಿರುತ್ತದೆ. ಸಾಮಾನ್ಯವಾಗಿ ಎರಡು ಇರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. 6205, 6206 ತುಂಬಾ ಕಾಣುವ ಜೋಡಿ. ಕೊನೆಯ ಎರಡು ಅಂಕೆ 04 ಅಥವಾ ಅದಕ್ಕಿಂತ ಮೇಲಿದ್ದರೆ, ಅದನ್ನು 5ರಿಂದ ಗುಣಿಸಿದರೆ ಒಳತೂತು ಮಿಲಿಮೀಟರಲ್ಲಿ ಸಿಗುತ್ತದೆ. ಅಂದರೆ 6205ಕ್ಕೆ 25, 6206ಕ್ಕೆ 30. ನಂಬರ್ ತುಕ್ಕಿನಲ್ಲಿ ಅಳಿಸಿಹೋಗಿದ್ದರೆ ಅಳತೆ ತೆಗೆದು ಬೇರಿಂಗ್ ಅಂಗಡಿಗೆ ಹೋಗಿ, ಸೀಲನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎರಡು ಬದಿಯೂ ರಬ್ಬರ್ ಮುಚ್ಚಿರುವ 2ಆರ್‌ಎಸ್ ಕೇಳಿ.

ಬಿಚ್ಚುವಾಗ ಪ್ರತಿ ವೈರಿನ ಫೋಟೊ ತೆಗೆಯಿರಿ. ಕಾಂಕ್ರೀಟ್ ಭಾರದ ಕಲ್ಲುಗಳನ್ನು ಮೊದಲು ಇಳಿಸಿ, ಇಲ್ಲದಿದ್ದರೆ ಟಬ್ ಎತ್ತುವುದು ತುಂಬಾ ಕಷ್ಟ. ಶಾಫ್ಟಿನ ತುದಿಗೆ ನೇರ ಸುತ್ತಿಗೆ ಬೇಡ, ಬೋಲ್ಟನ್ನು ಅರ್ಧ ಹಾಕಿ ಮರದ ತುಂಡು ಇಟ್ಟು ಹೊಡೆಯಿರಿ. ಹೊಸ ಬೇರಿಂಗ್ ಕೂರಿಸುವಾಗ ಹೊರಗಿನ ಬಳೆಗೆ ಮಾತ್ರ ಪೆಟ್ಟು ಬೀಳಬೇಕು. ಒಳಬಳೆಗೆ ಬಡಿದರೆ ಆ ಪೆಟ್ಟು ಗುಂಡುಗಳ ಮೇಲೆ ಹೋಗುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಹಳೇ ಬೇರಿಂಗನ್ನೇ ಮೇಲೆ ಇಟ್ಟು ಬಡಿದರೆ ಸಮ ಕೂರುತ್ತದೆ. ಸೀಲಿನ ತುಟಿಗೆ, ಅಂದರೆ ಶಾಫ್ಟಿಗೆ ತಾಗುವ ಒಳ ಅಂಚಿಗೆ, ನೀರಿಗೆ ಕರಗದ ಗ್ರೀಸ್ ಹಚ್ಚಿ.

ಮಲ್ಪೆ: ನೋಡಿದೆ ಅಣ್ಣ. ಡ್ರಮ್ ಮಾತ್ರ ಅಲ್ಲಾಡುತ್ತದೆ. ಟಬ್ಬಿಗೆ ಸುತ್ತ ಸ್ಕ್ರೂ ಉಂಟು. ರಿಪೇರಿ ಆಗುವವರೆಗೆ ಹೀಗೇ ಓಡಿಸಬಹುದಾ?

ಉತ್ತರ: ಬೇಡ ಮಾರಾಯ್ರೆ. ಡ್ರಮ್ ಸಡಿಲವಾದರೆ ಟಬ್ಬಿಗೇ ತಾಗಿ ಟಬ್ಬೂ ಹಾಳಾಗಬಹುದು. ಬಿಚ್ಚಿದ ಮೇಲೆ ಸೀಲ್ ಕೂರುವ ಜಾಗದಲ್ಲಿ ಶಾಫ್ಟಿಗೆ ಉಗುರು ಎಳೆದು ನೋಡಲು ಹೇಳಿ. ಗುಳಿ ಸಿಕ್ಕಿದರೆ, ಅಥವಾ ಸ್ಪೈಡರಿನ ಕಾಲು ಪುಡಿ ಉದುರುತ್ತಿದ್ದರೆ, ಸ್ಪೈಡರನ್ನೂ ಬದಲಿಸಬೇಕು, ಶಾಫ್ಟ್ ಅದಕ್ಕೇ ಕೂಡಿಕೊಂಡಿರುತ್ತದೆ. ಅದು ನಿಮ್ಮ ಮಾಡೆಲಿಗೆ ಸಿಗುತ್ತದಾ ಅಂತ ಈಗಲೇ ವಿಚಾರಿಸಿ, ಆಮೇಲೆ ಬೇರಿಂಗಿಗೆ ದುಡ್ಡು ಹಾಕಿ.